ಸ್ಪೀಕರ್‌ಗೆ ಮುಂಚೆ ಕೋಣೆ

ಹೊಸದಾಗಿ ಕಟ್ಟಿದ ಆರ್‌ಸಿಸಿ ಮನೆಯ ಖಾಲಿ ಹಾಲ್‌ನಲ್ಲಿ ನಿಂತು ಒಮ್ಮೆ ಚಪ್ಪಾಳೆ ತಟ್ಟಿದರೆ ಸದ್ದು ಒಂದೇ ಏಟಿಗೆ ಮುಗಿಯುವುದಿಲ್ಲ. ಬಿಗಿದು ಕಟ್ಟಿದ ತಂತಿಯನ್ನು ಮಿಡಿದಂತೆ ‘ಟ್ರಿಣ್’ ಎಂದು ಎದುರುಬದುರು ಗೋಡೆಗಳ ನಡುವೆ ಓಡಾಡಿ ಆಮೇಲೆ ಆರುತ್ತದೆ. ಗೃಹಪ್ರವೇಶದ ಬೆಳಗ್ಗೆ ಪುರೋಹಿತರ ಮಂತ್ರವೂ ಮಕ್ಕಳ ಕೇಕೆಯೂ ಕಲಸಿಹೋಗಿ ಪಕ್ಕದವರ ಮಾತು ಕೂಡ ತಿಳಿಯದಂತಾಗುವುದು ಇದೇ ಹಾಲ್‌ನಲ್ಲಿ. ತಿಂಗಳು ಕಳೆದು ಹಾಸಿಗೆ, ದಿಂಬು, ಪರದೆ, ಬಟ್ಟೆಬರೆ ಬಂದು ಸೇರಿದ ಮೇಲೆ ಮಾತು ಸ್ಪಷ್ಟವಾಗುತ್ತದೆ. ಗೋಡೆ ಅದೇ, ಸೂರು ಅದೇ. ಹೊಸದಾಗಿ ಬಂದದ್ದು ಸದ್ದನ್ನು ಹೀರುವ ಮೆತ್ತನೆಯ ಸಾಮಾನು ಮಾತ್ರ.

ಮನೆಯಲ್ಲಿ ಹೈ-ಫೈ ಸಂಗೀತದ ಕೋಣೆ ಸಜ್ಜುಗೊಳಿಸುವ ವಿದ್ಯೆಯ ಮುಕ್ಕಾಲು ಪಾಲು ಈ ಚಪ್ಪಾಳೆಯಲ್ಲೇ ಅಡಗಿದೆ. ದುಡ್ಡು ಸುರಿಯುವುದು ಸ್ಪೀಕರ್, ಆಂಪ್ಲಿಫೈಯರ್, ವೈರುಗಳ ಮೇಲೆ. ಕೊನೆಗೆ ಕಿವಿಗೆ ಬೀಳುವುದು ಮಾತ್ರ ಯಂತ್ರದ ದನಿಗೆ ಕೋಣೆ ತನ್ನದನ್ನೂ ಬೆರೆಸಿದ ದನಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಯಲ್ಲಿ ಕಲ್ಲು ಮತ್ತು ಸಿಮೆಂಟಿನ ಮನೆಗಳೇ ಹೆಚ್ಚು. ಅವು ಕೆಡಿಸುವ ದನಿಯನ್ನು ತಿದ್ದಬಲ್ಲ ಕಂಬಳಿ, ತೆಂಗಿನ ನಾರು, ಹತ್ತಿ ಕೂಡ ಇಲ್ಲಿಯೇ ಕೈಗೆಟುಕುತ್ತವೆ.

ಹೈ-ಫೈ ಎಂದರೆ

ಹೈ-ಫೈ ಎಂದರೆ ಮೂಲಕ್ಕೆ ನಿಷ್ಠವಾದ ದನಿ. ಹಾಡಿದವರ ಕಂಠ, ನುಡಿಸಿದವರ ವಾದ್ಯ ಧ್ವನಿಮುದ್ರಣದಲ್ಲಿ ಹೇಗೆ ದಾಖಲಾಗಿದೆಯೋ ಹಾಗೆಯೇ, ಏನನ್ನೂ ಸೇರಿಸದೆ, ಏನನ್ನೂ ಕಳೆಯದೆ ಕೇಳಿಸಬೇಕೆಂಬುದು ಅದರ ಗುರಿ.

ಅದಕ್ಕೆ ಬೇಕಾದ ಯಂತ್ರಗಳು ಹಂತಹಂತವಾಗಿ ಬಂದವು. ಭಾರತದಲ್ಲಿ ಗ್ರಾಮಫೋನ್ ಕಂಪನಿ ಮೊದಲ ಧ್ವನಿಮುದ್ರಣ ಮಾಡಿದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಎರಡು ಕಿವಿಗೆ ಎರಡು ದಾರಿಯಲ್ಲಿ ದನಿ ಕೊಡುವ ಸ್ಟೀರಿಯೊ ವಿಧಾನಕ್ಕೆ ಇಂಗ್ಲೆಂಡಿನ ಎಂಜಿನಿಯರ್ ಅಲನ್ ಬ್ಲುಮ್‌ಲೈನ್ 1931ರಲ್ಲಿ ಪೇಟೆಂಟ್‌ಗೆ ಅರ್ಜಿ ಹಾಕಿದರು. 1948ರಲ್ಲಿ ಎಲ್‌ಪಿ ತಟ್ಟೆ, 1963ರಲ್ಲಿ ಕ್ಯಾಸೆಟ್, 1982ರಲ್ಲಿ ಸಿಡಿ ಬಂದವು.

ಕನ್ನಡದ ಮನೆಗಳಿಗೆ ಸಂಗೀತ ಮೊದಲು ಹೊಕ್ಕಿದ್ದು ಬಹುಮಟ್ಟಿಗೆ ರೇಡಿಯೊದಿಂದ. ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ್ದು 1935ರಲ್ಲಿ. ಬೆಂಗಳೂರು ಕೇಂದ್ರ ಶುರುವಾದದ್ದು 1955ರಲ್ಲಿ. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಕ್ಯಾಸೆಟ್ ಬಂದ ಮೇಲೆ ಭಾವಗೀತೆ ಟೇಪ್‌ರೆಕಾರ್ಡರ್ ಏರಿ ಹಳ್ಳಿಗಳನ್ನೂ ತಲುಪಿತು. ಒಂದೇ ಸ್ಪೀಕರಿನ ಆ ಪೆಟ್ಟಿಗೆಗಳಿಗೆ ಕೋಣೆಯ ಗೊಡವೆ ಇರಲಿಲ್ಲ. ಅವುಗಳಿಂದ ಮಂದ್ರ ಸ್ವರ ಹೊರಡುತ್ತಿದ್ದುದೇ ಕಡಿಮೆ. ದೊಡ್ಡ ಸ್ಟೀರಿಯೊ ಸ್ಪೀಕರ್ ಮನೆಗೆ ಬಂದಾಗಲೇ ಕೋಣೆಯ ದೋಷ ಬಯಲಾಗುವುದು.

ನೇರ ದನಿ, ಸುತ್ತಿ ಬಂದ ದನಿ

ಸ್ಪೀಕರ್‌ನಿಂದ ಹೊರಟ ದನಿಯ ಒಂದು ಪಾಲು ನೇರವಾಗಿ ಕಿವಿಗೆ ಬರುತ್ತದೆ. ಉಳಿದದ್ದು ಗೋಡೆ, ನೆಲ, ಸೂರಿಗೆ ಬಡಿದು ತಿರುಗಿ ಬರುತ್ತದೆ. 25 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸದ್ದಿನ ವೇಗ ಸೆಕೆಂಡಿಗೆ ಸುಮಾರು 346 ಮೀಟರ್, ಅಂದರೆ 1135 ಅಡಿ. ಸಣ್ಣ ಕೋಣೆಯಲ್ಲಿ ಸುತ್ತಿ ಬಂದ ದನಿ ತಡವಾಗುವುದು ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು.

ಇಷ್ಟು ಬೇಗ ಬಂದ ದನಿಯನ್ನು ಮಿದುಳು ಬೇರೆ ಸದ್ದೆಂದು ಗುರುತಿಸದೆ ಮೊದಲಿನದರಲ್ಲೇ ಬೆರೆಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಪ್ರಯೋಗಗಳಿಂದ ತೋರಿಸಿದರು. ಆದ್ದರಿಂದ ಸಣ್ಣ ಕೋಣೆಯಲ್ಲಿ ಪ್ರತಿಧ್ವನಿ ಪ್ರತ್ಯೇಕವಾಗಿ ಕೇಳುವುದಿಲ್ಲ. ವೀಣೆಯ ಮೀಟು ಮಸುಕಾಗುತ್ತದೆ, ಹಾಡಿನ ಅಕ್ಷರ ಕಲಸುತ್ತದೆ, ನಡುವೆ ನಿಂತಿರಬೇಕಾದ ಗಾಯಕ ಎಲ್ಲೋ ಪಕ್ಕಕ್ಕೆ ಸರಿದಂತಾಗುತ್ತದೆ.

1656ರ ವಿಜಯಪುರದ ಗೋಳಗುಮ್ಮಟದಲ್ಲಿ ಒಂದು ಕೂಗು ಹಲವು ಬಾರಿ ಮರಳುವುದು ಅಲ್ಲಿನ ಅಗಾಧ ಗಾತ್ರದಿಂದ ಮತ್ತು ಗಟ್ಟಿ ಗಾರೆಯಿಂದ. ಅಷ್ಟೇ ಗಟ್ಟಿ ಗೋಡೆಗಳ ಸಣ್ಣ ಹಾಲ್‌ನಲ್ಲಿ ಆ ಮರಳುವಿಕೆಗಳೆಲ್ಲ ಒತ್ತೊತ್ತಾಗಿ ಬಂದು ಸಂಗೀತದ ಮೇಲೆಯೇ ಬೀಳುತ್ತವೆ.

ಮೂರು ಬಗೆಯ ಮನೆ

ಮಧುಗಿರಿ ತಾಲ್ಲೂಕಿನ ಕೊಡಿಗೇನಹಳ್ಳಿಯ ಸುತ್ತಿನ ಸೀಮೆಯಲ್ಲಿ ಕಾಣುವ ಮನೆಗಳನ್ನು ಸದ್ದಿನ ದೃಷ್ಟಿಯಿಂದ ಮೂರಾಗಿ ವಿಂಗಡಿಸಬಹುದು. ಮೊದಲನೆಯದು ಹಳೆಯ ಮಾಳಿಗೆ ಮನೆ. ದಪ್ಪ ಮಣ್ಣಿನ ಅಥವಾ ಕಲ್ಲು–ಮಣ್ಣಿನ ಗೋಡೆ, ಮೇಲೆ ತೊಲೆ ಮತ್ತು ಜಂತೆ, ಅದರ ಮೇಲೆ ಮಣ್ಣು. ಸಾರಿಸಿದ ಮಣ್ಣಿನ ಗೋಡೆ ಗಾರೆಯಷ್ಟು ಗಡುಸಲ್ಲ. ಸಾಲು ಜಂತೆಗಳು ಮೇಲಕ್ಕೆ ಹೋದ ದನಿಯನ್ನು ಒಂದೇ ಕಡೆಗೆ ಹಿಂದಿರುಗಿಸದೆ ಚದುರಿಸುತ್ತವೆ. ಇರುವ ಮೂರರಲ್ಲಿ ಸಂಗೀತಕ್ಕೆ ಹೆಚ್ಚು ಒಗ್ಗುವುದು ಇದೇ.

ಎರಡನೆಯದು ಕಲ್ಲು ಚಪ್ಪಡಿಯ ಮನೆ. ಏಕಶಿಲೆಯ ಮಧುಗಿರಿ ಬೆಟ್ಟದ ಸೀಮೆಯಲ್ಲಿ ಕಲ್ಲಿಗೆ ಬರವಿಲ್ಲ. ಗೋಡೆ, ನೆಲ, ಸೂರು ಮೂರೂ ಕಲ್ಲಾದ ಕೋಣೆಗಳುಂಟು. ಮೂರನೆಯದು ಈಗಿನ ಆರ್‌ಸಿಸಿ ಮನೆ: ಸಿಮೆಂಟ್ ಗಾರೆ, ಗ್ರಾನೈಟ್ ಅಥವಾ ಟೈಲ್ಸ್ ನೆಲ, ದೊಡ್ಡ ಗಾಜಿನ ಕಿಟಕಿ. ಈ ಎರಡರಲ್ಲೂ ಗೋಡೆಗೆ ಬಡಿದ ದನಿಯ ನೂರರಲ್ಲಿ 97–98 ಪಾಲು ಹಾಗೆಯೇ ಮರಳುತ್ತದೆ.

ದಿಂಬು ಕಲಿಸಿದ ಲೆಕ್ಕ

ಸದ್ದು ಆರುವ ಹೊತ್ತನ್ನು ಮೊದಲು ಲೆಕ್ಕಕ್ಕೆ ತಂದವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನಿ ವ್ಯಾಲೆಸ್ ಸೆಬೈನ್. 1895ರಲ್ಲಿ ಅಲ್ಲಿನ ಹೊಸ ಉಪನ್ಯಾಸ ಭವನದಲ್ಲಿ ಒಂದು ಮಾತು ಐದು ಸೆಕೆಂಡಿಗೂ ಹೆಚ್ಚು ಹೊತ್ತು ಗುಂಯ್‌ಗುಡುತ್ತಿತ್ತು. ಅದನ್ನು ಸರಿಪಡಿಸುವ ಕೆಲಸ ಅವರಿಗೆ ಬಂತು. ರಾತ್ರಿ ಊರು ಮಲಗಿದ ಮೇಲೆ ಪಕ್ಕದ ರಂಗಮಂದಿರದ ದಿಂಬುಗಳನ್ನು ಹೊತ್ತು ತಂದು ಹರಡಿ, ಆರ್ಗನ್ ಕೊಳವೆಯೊಂದನ್ನು ಊದಿಸಿ, ಸದ್ದು ಎಷ್ಟು ಹೊತ್ತಿಗೆ ಆರುತ್ತದೆಂದು ಅಳೆದು, ಬೆಳಗಾಗುವುದರೊಳಗೆ ದಿಂಬುಗಳನ್ನು ಮರಳಿಸುತ್ತಿದ್ದರು.

ದೊರೆತ ಸೂತ್ರ ಸರಳ. ಕೋಣೆಯ ಘನ ಅಡಿಯನ್ನು 0.049ರಿಂದ ಗುಣಿಸಿ, ದನಿ ಹೀರುವ ಮೈಯ ಚದರಡಿಯಿಂದ ಭಾಗಿಸಿದರೆ ಸದ್ದು ಆರಲು ಹಿಡಿಯುವ ಸೆಕೆಂಡು ಸಿಗುತ್ತದೆ. ಈ ಲೆಕ್ಕವನ್ನು ನೆಚ್ಚಿಯೇ ಬೋಸ್ಟನ್ನಿನ ಸಿಂಫನಿ ಹಾಲ್ ಕಟ್ಟಲಾಯಿತು. ಅದು ತೆರೆದದ್ದು 1900ರಲ್ಲಿ.

12 ಅಡಿ ಅಗಲ, 18 ಅಡಿ ಉದ್ದ, 10 ಅಡಿ ಎತ್ತರದ ಹಾಲ್ ಒಂದನ್ನು ತೆಗೆದುಕೊಳ್ಳಬಹುದು. ಅದರ ಗಾತ್ರ 2160 ಘನ ಅಡಿ. ಗೋಡೆ, ನೆಲ, ಸೂರು ಸೇರಿ 1032 ಚದರಡಿ. ಎಲ್ಲವೂ ಬರಿಯ ಗಾರೆ ಮತ್ತು ಕಲ್ಲಾದರೆ ಹೀರುವ ಮೈ 26 ಚದರಡಿಗೆ ಸಮ, ಸದ್ದು ಆರಲು ಸುಮಾರು 4 ಸೆಕೆಂಡು ಬೇಕು. ಮನೆಯಲ್ಲಿ ಸಂಗೀತ ಕೇಳಲು ಹಿತವಾದ ಹೊತ್ತು 0.3ರಿಂದ 0.5 ಸೆಕೆಂಡು. 0.4 ಸೆಕೆಂಡಿಗೆ ಇಳಿಸಬೇಕಾದರೆ ಪೂರ್ತಿ ಹೀರುವ ಮೈ 265 ಚದರಡಿ ಬೇಕು. ಒಟ್ಟು ಮೈಯ ಕಾಲು ಭಾಗವನ್ನು ಮೆತ್ತಗಾಗಿಸಿದರೆ ಸಾಕು ಎಂದಾಯಿತು. ಇಡೀ ಕೋಣೆಗೆ ಹಾಸಿಗೆ ಹೊಲಿಸಬೇಕಿಲ್ಲ.

ಮಂದ್ರದ ಗುಮ್ಮು

ಈ ಲೆಕ್ಕಕ್ಕೆ ಸಿಗದ ಇನ್ನೊಂದು ತೊಡಕು ಮಂದ್ರ ಸ್ವರದ್ದು. ಕೆಳಗಿನ ಸ್ವರಗಳ ಅಲೆ ಉದ್ದ. ಗೋಡೆಗಳ ನಡುವಿನ ಅಂತರಕ್ಕೆ ಅದು ಸರಿಹೊಂದಿದಾಗ ಅಲೆ ಅಲ್ಲಿಯೇ ನಿಂತು ಮೊರೆಯುತ್ತದೆ. ಯಾವ ಸ್ವರ ಹೀಗಾಗುತ್ತದೆಂದು ತಿಳಿಯಲು ಸದ್ದಿನ ವೇಗವನ್ನು ಅಂತರದ ಎರಡರಷ್ಟರಿಂದ ಭಾಗಿಸಬೇಕು. 10 ಅಡಿಗೆ 57 ಹರ್ಟ್ಸ್, 12 ಅಡಿಗೆ 47 ಹರ್ಟ್ಸ್, 18 ಅಡಿಗೆ 31.5 ಹರ್ಟ್ಸ್. ಅದರ ಎರಡರಷ್ಟು, ಮೂರರಷ್ಟು ಸ್ವರಗಳೂ ಹಾಗೆಯೇ ಮೊರೆಯುತ್ತವೆ.

ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆ ಸಂಗೀತಕ್ಕೆ ಅತಿ ಕೆಟ್ಟದ್ದಾಗುವುದು ಇದರಿಂದಲೇ. ಮೂರು ಜೋಡಿ ಮೈಗಳೂ 57 ಹರ್ಟ್ಸ್‌ನಲ್ಲೇ ಮೊರೆದು, ಮುಟ್ಟಿದ್ದೆಲ್ಲ ಒಂದೇ ‘ಗುಮ್’ ಆಗುತ್ತದೆ. 12 × 18 ಹಾಲ್ ಇದಕ್ಕಿಂತ ಮೇಲು. ಆದರೂ ಅಲ್ಲಿ ಅಗಲದ ಎರಡನೇ ಅಲೆ ಮತ್ತು ಉದ್ದದ ಮೂರನೇ ಅಲೆ ಎರಡೂ ಸುಮಾರು 95 ಹರ್ಟ್ಸ್‌ನಲ್ಲಿ ಸೇರುತ್ತವೆ. ಹೊಸದಾಗಿ ಕಟ್ಟುವವರಿಗೆ 1 : 1.4 : 1.9 ಎಂಬ ಅನುಪಾತ ಬಳಕೆಯಲ್ಲಿದೆ. ಎತ್ತರ 10 ಅಡಿಯಾದರೆ ಅಗಲ 14, ಉದ್ದ 19 ಅಡಿ.

ಮೊದಲು ಜಾಗ, ಆಮೇಲೆ ಸಾಮಾನು

ಬಿಡಿಗಾಸು ಖರ್ಚಿಲ್ಲದೆ ಆಗುವ ದೊಡ್ಡ ಸುಧಾರಣೆ ಸ್ಪೀಕರ್ ಮತ್ತು ಕುರ್ಚಿಯ ಜಾಗ ಬದಲಿಸುವುದು. ಸ್ಪೀಕರ್‌ಗಳನ್ನು ಟಿವಿ ಸ್ಟ್ಯಾಂಡಿನ ಎರಡು ತುದಿಗೋ ಮೂಲೆಗೋ ತಳ್ಳುವುದು ರೂಢಿ. ಮೂಲೆಯಲ್ಲಿ ಮಂದ್ರದ ಅಲೆಗಳೆಲ್ಲ ಒಟ್ಟಿಗೆ ಏಳುತ್ತವೆ. ಗೋಡೆಗೆ ಆನಿಸಿ ಕೂತರೆ ಅವೆಲ್ಲ ಕಿವಿಯ ಬಳಿಯೇ ಸೇರುತ್ತವೆ.

12 × 18 ಹಾಲ್‌ನಲ್ಲಿ ಸ್ಪೀಕರ್‌ಗಳನ್ನು 12 ಅಡಿಯ ಗೋಡೆಯ ಕಡೆಗೆ, ಗೋಡೆಯಿಂದ 3 ಅಡಿ ಮುಂದೆ, ಪರಸ್ಪರ 7 ಅಡಿ ದೂರದಲ್ಲಿ ಇಡಬಹುದು. ಮೂರಡಿ ಎಂದರೆ ಹಾಲ್‌ನ ಉದ್ದದ ಆರನೇ ಒಂದು ಭಾಗ. ಅಲ್ಲಿಟ್ಟ ಸ್ಪೀಕರ್ ಆ 95 ಹರ್ಟ್ಸ್‌ನ ಉದ್ದದ ಅಲೆಯನ್ನು ಅಷ್ಟಾಗಿ ಕೆರಳಿಸದು. ಎರಡು ಸ್ಪೀಕರ್ ಮತ್ತು ಕೇಳುಗ ಸಮಭುಜ ತ್ರಿಕೋನದಲ್ಲಿರಬೇಕೆಂಬುದು ಹಳೆಯ ಸೂತ್ರ. ಅದರಂತೆ ಹೋದರೆ ಕುರ್ಚಿ ಸರಿಯಾಗಿ ಹಾಲ್‌ನ ನಡುಮಧ್ಯಕ್ಕೆ, 9ನೇ ಅಡಿಗೆ ಬರುತ್ತದೆ. ಅಲ್ಲಿ ಕೆಲವು ಮಂದ್ರ ಸ್ವರಗಳು ಮಾಯವಾಗುತ್ತವೆ. ಎರಡಡಿ ಹಿಂದಕ್ಕೆ ಸರಿದು 11ನೇ ಅಡಿಯಲ್ಲಿ ಕೂತರೆ ಅವು ಮರಳುತ್ತವೆ.

ಎತ್ತರದ ಲೆಕ್ಕವೂ ಇದೆ. ತಾರ ಸ್ವರ ಹೊರಡುವ ಸಣ್ಣ ಸ್ಪೀಕರ್ ಕಿವಿಯ ಮಟ್ಟಕ್ಕಿರಬೇಕು. ಕುರ್ಚಿಯಲ್ಲಿ ಕೂತವರ ಕಿವಿ ನೆಲದಿಂದ ಮೂರಡಿಗೂ ಮೇಲಿರುತ್ತದೆ. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತವರ ಕಿವಿ ಸುಮಾರು ಎರಡೂವರೆ ಅಡಿಯಲ್ಲಿ. ವಿದೇಶದ ಅಳತೆಯ ಸ್ಟ್ಯಾಂಡ್ ನೆಲದಲ್ಲಿ ಕೂರುವ ಮನೆಗೆ ಹೊಂದುವುದಿಲ್ಲ. ಇಟ್ಟಿಗೆಯ ಗಿಡ್ಡ ಕಟ್ಟೆ ಕಟ್ಟಿ ಮೇಲೊಂದು ಕಡಪ ಕಲ್ಲು ಹಾಸಿದರೆ ಅಲುಗದ, ಅಗ್ಗದ ಸ್ಟ್ಯಾಂಡ್ ಸಿದ್ಧ.

ಕಂಬಳಿಯ ಕೆಲಸ, ಹಾಸಿಗೆಯ ಕೆಲಸ

ಮೆತ್ತನೆಯ ಸಾಮಾನು ದನಿಯನ್ನು ಹೀರುವುದು ಎಳೆಗಳ ನಡುವೆ ಗಾಳಿ ತೂರಾಡುವಾಗ ಆಗುವ ತಿಕ್ಕಾಟದಿಂದ. ಸದ್ದಿನ ಶಕ್ತಿ ಅಲ್ಲಿ ಅತ್ಯಲ್ಪ ಶಾಖವಾಗಿ ಕರಗುತ್ತದೆ. ಶಿರಾ, ಪಾವಗಡದಿಂದ ಪಕ್ಕದ ಚಳ್ಳಕೆರೆಯವರೆಗಿನ ಕುರಿಸೀಮೆಯಲ್ಲಿ ನೇಯುವ ಒರಟು ಉಣ್ಣೆಯ ಕಂಬಳಿ ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು.

ಕಂಬಳಿಯನ್ನು ಎಲ್ಲಿ ತೂಗುಹಾಕಬೇಕೆಂದು ಕಂಡುಕೊಳ್ಳಲು ಒಂದು ಕನ್ನಡಿ ಸಾಕು. ಒಬ್ಬರು ಕೇಳುವ ಜಾಗದಲ್ಲಿ ಕೂರಬೇಕು, ಇನ್ನೊಬ್ಬರು ಪಕ್ಕದ ಗೋಡೆಯ ಮೇಲೆ ಕನ್ನಡಿ ಸರಿಸುತ್ತ ಹೋಗಬೇಕು. ಕೂತವರಿಗೆ ಕನ್ನಡಿಯಲ್ಲಿ ಸ್ಪೀಕರ್ ಕಂಡ ಜಾಗವೇ ದನಿ ಮೊದಲು ಬಡಿದು ತಿರುಗುವ ಜಾಗ. ಎರಡೂ ಪಕ್ಕದ ಗೋಡೆಗಳಲ್ಲಿ ಈ ಜಾಗಗಳಿಗೆ ಕಂಬಳಿ ಬೇಕು. ನೆಲದ ಮೇಲೆ, ಸ್ಪೀಕರ್‌ಗೂ ಕುರ್ಚಿಗೂ ನಡುವೆ, ದಪ್ಪ ಜಮಖಾನ ಹಾಸಬೇಕು.

ಕಂಬಳಿಯನ್ನು ಗೋಡೆಗೆ ಅಂಟಿಸದೆ ನಾಲ್ಕು ಇಂಚು ಮುಂದಕ್ಕೆ, ನಿರಿಗೆ ಹಿಡಿದು ಬಿಟ್ಟರೆ ಕೆಲಸ ಹೆಚ್ಚು. ಗೋಡೆಯ ಮೈಯಲ್ಲಿ ಗಾಳಿ ಅಲುಗುವುದೇ ಇಲ್ಲ. ಗೋಡೆಯಿಂದ ಅಲೆಯ ಕಾಲು ಭಾಗದವರೆಗೆ ದೂರ ಬಂದಷ್ಟೂ ಅಲುಗಾಟ ಹೆಚ್ಚು, ಹೀರುವಿಕೆಯೂ ಹೆಚ್ಚು.

ಆದರೆ ಕಂಬಳಿಗೂ ಮಿತಿಯಿದೆ. 100 ಹರ್ಟ್ಸ್ ದನಿಯ ಅಲೆಯ ಕಾಲು ಭಾಗವೇ ಸುಮಾರು ಮೂರಡಿ; ತೆಳು ಬಟ್ಟೆಗೆ ಅದು ಬಗ್ಗದು. ಗೋಡೆ ತುಂಬ ಕಂಬಳಿ ಹೊದಿಸಿದರೆ ತಾಳ, ತಂಬೂರಿಯ ಝೇಂಕಾರ ಸತ್ತು, ಮಂದ್ರದ ಗುಮ್ಮು ಮಾತ್ರ ಉಳಿಯುತ್ತದೆ. ಮೊಟ್ಟೆಗಳ ತಟ್ಟೆ ಅಂಟಿಸುವವರಿಗೆ ಆಗುವ ನಷ್ಟವೂ ಇದೇ.

ಮಂದ್ರಕ್ಕೆ ಬೇಕಾದದ್ದು ದಪ್ಪ. ಮಂದ್ರದ ಒತ್ತಡ ಅತಿ ಹೆಚ್ಚಾಗಿರುವುದು ಮೂಲೆಗಳಲ್ಲಾದ್ದರಿಂದ ಅಲ್ಲಿ ಹತ್ತಿ ಹಾಸಿಗೆಯನ್ನು ಸುರುಳಿ ಸುತ್ತಿ ನೆಲದಿಂದ ಸೂರಿನವರೆಗೆ ನಿಲ್ಲಿಸಬಹುದು. ತಿಪಟೂರು, ಗುಬ್ಬಿಯ ತೆಂಗಿನ ಸೀಮೆಯಿಂದ ಬರುವ ನಾರನ್ನು ಮರದ ಚೌಕಟ್ಟಿನಲ್ಲಿ ಒಂದಡಿ ದಪ್ಪಕ್ಕೆ ತುಂಬಿ, ಮುಂದೆ ಗೋಣಿತಟ್ಟು ಹೊದಿಸಿ ಮೂಲೆಗೆ ಅಡ್ಡಲಾಗಿ ಇಟ್ಟರೂ ಆದೀತು. ಹಿಂದಿನ ಗೋಡೆಗೆ ಪುಸ್ತಕದ ಕಪಾಟು ಒಳ್ಳೆಯದು. ಏರುಪೇರಾಗಿ ಜೋಡಿಸಿದ ಪುಸ್ತಕಗಳು ದನಿಯನ್ನು ಕೊಲ್ಲದೆ ಚದುರಿಸುತ್ತವೆ.

ಇವೆಲ್ಲ ಬೇಗ ಹೊತ್ತಿಕೊಳ್ಳುವ ಸಾಮಾನು. ವೈರ್, ಪ್ಲಗ್, ದೀಪದಿಂದ ದೂರ ಇಡಬೇಕು. ಗೆದ್ದಲು, ಇಲಿ, ನುಸಿಯ ಕಾಟ ತಪ್ಪಿಸಲು ವರ್ಷಕ್ಕೆರಡು ಬಾರಿ ಬಿಚ್ಚಿ ಬಿಸಿಲಿಗೆ ಹಾಕಬೇಕು.

ಹೀರುವುದು ಬೇರೆ, ತಡೆಯುವುದು ಬೇರೆ

ಕಂಬಳಿ ಹಾಕಿದರೆ ಪಕ್ಕದ ಮನೆಗೆ ಸದ್ದು ಹೋಗದು ಎಂಬುದು ತಪ್ಪು ತಿಳಿವಳಿಕೆ. ಸದ್ದನ್ನು ತಡೆಯುವುದು ತೂಕ. ದಪ್ಪ ಕಲ್ಲುಗೋಡೆ ಇದರಲ್ಲಿ ಮುಂದು. ಆದರೆ ಬಾಗಿಲ ಕೆಳಗಿನ ಅರ್ಧ ಇಂಚು ಸಂದು ಅಷ್ಟೂ ಗೋಡೆಯ ಕೆಲಸವನ್ನು ಹಾಳುಮಾಡುತ್ತದೆ. ಸಂದಿಗೆ ರಬ್ಬರ್ ಪಟ್ಟಿ, ಕಿಟಕಿಗೆ ಗಟ್ಟಿಯಾಗಿ ಕೂರುವ ಕದ ಬೇಕು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬೆಲ್, ರಾತ್ರಿ 45 ಡೆಸಿಬೆಲ್.

ಒಳಗಿನ ಸದ್ದೂ ಶತ್ರುವೇ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಕೃಷ್ಣಮೃಗಗಳ ಹುಲ್ಲುಗಾವಲಿನ ಸುತ್ತಿನ ಹಳ್ಳಿಗಳಲ್ಲಿ ರಾತ್ರಿ ಊಟವಾದ ಮೇಲೆ ನೆಲೆಸುವ ನಿಶ್ಶಬ್ದ ನಗರದವರಿಗೆ ದುಡ್ಡು ಕೊಟ್ಟರೂ ಸಿಗದು. ಅಂಥ ಹೊತ್ತಿನಲ್ಲಿ ಸೀಲಿಂಗ್ ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಆಲಾಪದ ಕೊನೆಯಲ್ಲಿ ಕರಗುವ ಸ್ವರ ಫ್ಯಾನಿನ ಗಾಳಿಯಲ್ಲೇ ಮುಳುಗುತ್ತದೆ. ಮಧುಗಿರಿಯ ಏಪ್ರಿಲ್ ಸೆಖೆಯಲ್ಲಿ ಫ್ಯಾನ್ ಬಿಡಲಾಗದು. ಅದನ್ನು ನಿಧಾನ ವೇಗಕ್ಕಿಳಿಸಿ, ಅಲುಗುವ ರೆಕ್ಕೆಗಳನ್ನು ಬಿಗಿಮಾಡುವುದೇ ಉಪಾಯ.

ಕರೆಂಟ್ ಮತ್ತು ಅರ್ಥಿಂಗ್

ಸ್ಪೀಕರ್‌ನಿಂದ ಸದಾ ‘ಹುಂ’ ಎಂಬ ಸದ್ದು ಬರುತ್ತಿದ್ದರೆ ಅದರ ಮೂಲ ಹೆಚ್ಚಾಗಿ 50 ಹರ್ಟ್ಸ್‌ನ ಮನೆ ಕರೆಂಟ್. ಬೇರೆ ಬೇರೆ ಪ್ಲಗ್‌ಗಳಿಂದ ಕರೆಂಟ್ ಪಡೆದ ಯಂತ್ರಗಳ ಅರ್ಥ್ ತಂತಿಗಳು ಸುತ್ತುಗಟ್ಟಿದಾಗ ಅದು ಏಳುತ್ತದೆ. ಎಲ್ಲವನ್ನೂ ಒಂದೇ ಬೋರ್ಡಿಗೆ ಸಿಕ್ಕಿಸಿದರೆ ಬಹುತೇಕ ನಿಲ್ಲುತ್ತದೆ. ಒಣಭೂಮಿಯಲ್ಲಿ ಅರ್ಥಿಂಗ್ ಬೇಗ ದುರ್ಬಲವಾಗುತ್ತದೆ. ಉಪ್ಪು, ಇದ್ದಿಲು ತುಂಬಿದ ಗುಂಡಿಗೆ ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು.

ಅಗ್ಗದ ಇನ್ವರ್ಟರ್‌ಗಳು ಕೊಡುವ ಒರಟು ಅಲೆಯ ಕರೆಂಟ್ ಆಂಪ್ಲಿಫೈಯರನ್ನು ಗುಂಯ್‌ಗುಡಿಸುತ್ತದೆ. ಶುದ್ಧ ಸೈನ್ ಅಲೆಯದು ಬೇಕು. ವೋಲ್ಟೇಜ್ ಏರಿಳಿವ ಕಡೆ ಸ್ಟೆಬಿಲೈಜರ್ ಮತ್ತು ಸಿಡಿಲಿನ ಹೊತ್ತಿಗೆ ಪ್ಲಗ್ ಕಿತ್ತಿಡುವ ಅಭ್ಯಾಸ, ಎರಡೂ ಅವಶ್ಯ.

ಆಂಪ್ಲಿಫೈಯರ್ ದೊಡ್ಡದಿರಬೇಕೆಂಬುದಿಲ್ಲ. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಎನಿಸಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಸಣ್ಣ ಹಾಲ್‌ನಲ್ಲಿ ಸಾಧಾರಣ ಕೇಳುವಿಕೆಗೆ ಕೆಲವೇ ವ್ಯಾಟ್ ಸಾಕಾಗುತ್ತದೆ.

ತಿದ್ದುವ ಕ್ರಮ

ತಿದ್ದುವಾಗ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಅದೇ ಧ್ವನಿಮುದ್ರಣ, ಅದೇ ಜಾಗ, ಅದೇ ಪ್ರಮಾಣದ ಸದ್ದು. ತುಸು ಜೋರಾದದ್ದೇ ಚೆನ್ನಾಗಿದೆಯೆಂದು ಕಿವಿ ಮೋಸಹೋಗುತ್ತದೆ. ಪರೀಕ್ಷೆಗೆ ಮೂರು ಬಗೆಯ ಸಂಗೀತ ಸಾಕು. ದೊರೆಸ್ವಾಮಿ ಅಯ್ಯಂಗಾರರ ವೀಣೆಯಂಥ ಮೀಟು ವಾದ್ಯದಲ್ಲಿ ಸ್ವರದ ಆರಂಭ ಚೂಪಾಗಿದೆಯೇ ನೋಡಬೇಕು. ಗಂಗೂಬಾಯಿ ಹಾನಗಲ್ ಅವರಂಥ ತುಂಬು ಕಂಠ ಎರಡು ಸ್ಪೀಕರ್‌ಗಳ ನಡುವೆ ಒಂದೇ ಕಡೆ ನಿಲ್ಲುತ್ತದೆಯೇ ಗಮನಿಸಬೇಕು. ಮೃದಂಗದ ಎಡಗೈ ಪೆಟ್ಟುಗಳೆಲ್ಲ ಒಂದೇ ‘ಗುಮ್’ ಆಗದೆ ಬಿಡಿಬಿಡಿಯಾಗಿ ಕೇಳುತ್ತವೆಯೇ ಎಂಬುದು ಮೂರನೆಯ ಪರೀಕ್ಷೆ.

ಕಿವಿಯ ತೀರ್ಪನ್ನು ಅಳತೆಯಿಂದ ಖಚಿತಪಡಿಸಿಕೊಳ್ಳಬಹುದು. ಅಳತೆಯ ಮೈಕ್ ಮತ್ತು ಲ್ಯಾಪ್‌ಟಾಪ್ ಇದ್ದರೆ ‘ರೂಮ್ ಇಕ್ಯೂ ವಿಜಾರ್ಡ್’ ಎಂಬ ಉಚಿತ ತಂತ್ರಾಂಶ ಯಾವ ಸ್ವರ ಉಬ್ಬಿದೆ, ಯಾವುದು ತಗ್ಗಿದೆ ಎಂದು ಗೆರೆ ಎಳೆದು ತೋರಿಸುತ್ತದೆ. ಉಬ್ಬನ್ನು ಈಕ್ವಲೈಜರ್‌ನಿಂದ ಇಳಿಸಬಹುದು. ಅಲೆಗಳು ಪರಸ್ಪರ ಅಳಿಸಿಕೊಂಡು ಆದ ತಗ್ಗನ್ನು ಅದರಿಂದ ತುಂಬಲಾಗದು. ಅಲ್ಲಿ ಕುರ್ಚಿಯನ್ನೋ ಸ್ಪೀಕರನ್ನೋ ಸರಿಸುವುದೊಂದೇ ದಾರಿ.

ಕೆಲಸದ ಸರಣಿ ಇಷ್ಟು: ನಿಶ್ಶಬ್ದ, ಜಾಗ, ಕಂಬಳಿ, ಮೂಲೆ, ಅರ್ಥಿಂಗ್, ಕೊನೆಗೆ ಈಕ್ವಲೈಜರ್. ಯಂತ್ರ ಬದಲಿಸುವ ಯೋಚನೆ ಇವೆಲ್ಲ ಮುಗಿದ ಮೇಲೆ. ಪ್ರತಿ ಹಂತ ದಾಟಿದಾಗಲೂ ಕೋಣೆಯ ನಡುವೆ ನಿಂತು ಮತ್ತೆ ಚಪ್ಪಾಳೆ ತಟ್ಟಿ ನೋಡಬೇಕು. ‘ಟ್ರಿಣ್’ ಹೋಗಿ ಬರಿಯ ‘ಟಪ್’ ಉಳಿದರೆ ಗೋಡೆಗೆ ಇನ್ನೊಂದು ಕಂಬಳಿ ಬೇಕಿಲ್ಲ.